ಪ್ರತಿಮೆಗೆ ಅಳತೆ ತೆಗೆದದ್ದು

ಗವಸಣ್ಣನ ಮನೆಯಲ್ಲಿ ಗವಸು ಇಲ್ಲದ್ದು ಅವನ ಹೆಂಡತಿಯ ಬಾಯಿ ಒಂದಕ್ಕೇ. ಈ ಮಾತು ನನ್ನದಲ್ಲ, ಆಕೆಯೇ ಹೇಳಿಕೊಂಡದ್ದು. ಉಳಿದಂತೆ ರೇಡಿಯೊ, ಟಿವಿ, ಮಿಕ್ಸಿ, ಗಡಿಯಾರ, ಟಾರ್ಚು, ಎಲ್ಲಕ್ಕೂ ಅವನು ಅಳತೆ ತೆಗೆದು ಗವಸು ಹೊಲಿದಿದ್ದ. ಕನ್ನಡಕಕ್ಕೆ ಪೆಟ್ಟಿಗೆ, ಪೆಟ್ಟಿಗೆಗೆ ಗವಸು, ಆ ಗವಸು ಕೊಳೆಯಾಗಬಾರದೆಂದು ಅದಕ್ಕೊಂದು ಚೀಲ. ಅವನು ಪತ್ರಿಕೆ ಓದಲು ಕನ್ನಡಕ ಹೊರತೆಗೆಯುವ ಹೊತ್ತಿಗೆ ಸುದ್ದಿ ಹಳತಾಗಿರುತ್ತಿತ್ತು.

ಅವನ ಕಸುಬೇ ಅದು. ನೀರು ಸರಬರಾಜು ಕಚೇರಿಯ ಕಾಂಪೌಂಡಿಗೆ ಒರಗಿಸಿದ ತಗಡಿನ ಶೆಡ್ಡಿನಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಸ್ಕೂಟರಿಗೆ, ಸೋಫಾಕ್ಕೆ, ತಬಲಕ್ಕೆ, ಯಾರು ಏನು ತಂದರೂ ಅದಕ್ಕೆ ಗವಸು ಹೊಲಿಯುತ್ತಿದ್ದ. ಅದೇ ಶೆಡ್ಡಿನ ಇನ್ನೊಂದು ಅರ್ಧದಲ್ಲಿ ನಾನು ಛತ್ರಿ ರಿಪೇರಿ ಮಾಡುತ್ತಿದ್ದೆ. ಜನ ನನ್ನನ್ನು ಛತ್ರಿ ಎಂದೇ ಕರೆಯುತ್ತಾರೆ. ಅದು ಕಸುಬಿನಿಂದ ಬಂದ ಹೆಸರು, ನಡತೆಯಿಂದ ಬಂದದ್ದಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಕಂಡದ್ದು ಮರೆಯುವುದಿಲ್ಲ.

ಗವಸಣ್ಣನ ಹೊಲಿಗೆಗೆ ಒಂದು ಧರ್ಮ ಇತ್ತು.

"ಗವಸು ಅಂದ್ರೆ ಹಾಕೋಕೆ ಹತ್ತು ನಿಮಿಷ, ತೆಗೆಯೋಕೆ ಒಂದು ಗಂಟೆ ಹಿಡೀಬೇಕು ಅಣ್ಣ," ಎನ್ನುತ್ತಿದ್ದ ನನಗೆ. "ಸಲೀಸಾಗಿ ಬಂದುಬಿಟ್ರೆ ಅದು ಗವಸಲ್ಲ, ಟವೆಲ್ಲು."

ಅದಕ್ಕಾಗಿ ಅವನು ಒಳಗಡೆಗೆ ಬರುವಂತೆ ಲಾಡಿ ಇಟ್ಟು, ಲಾಡಿಗೆ ತನ್ನದೇ ಒಂದು ಗಂಟು ಹಾಕಿ, ಗಂಟಿನ ಮೇಲೆ ಪಟ್ಟಿ ಮಡಿಚಿ, ಪಟ್ಟಿಗೆ ಕೊಕ್ಕೆ ಹಾಕುತ್ತಿದ್ದ. ಗಿರಾಕಿಗಳು ಸ್ಕೂಟರಿಗೆ ಗವಸು ಹೊಲಿಸಿಕೊಂಡು ಹೋಗಿ, ಮರುದಿನ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೀಗಿರುವಾಗ ಕಚೇರಿಯವರು ಕಾಂಪೌಂಡ್ ಒಡೆದು ಮುಂದೆ ಹೂವಿನ ತೋಟ ಮಾಡುವುದಾಗಿ ಹೊರಟರು. ತೋಟದ ನಡುವೆ ಒಂದು ಪ್ರತಿಮೆ. ಊರಿಗೆ ಮೊದಲು ನಲ್ಲಿ ನೀರು ತಂದ ಇಂಜಿನಿಯರರದ್ದು. ಅವರು ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ಕಾಂಪೌಂಡ್ ಹೋದರೆ ಅದಕ್ಕೆ ಒರಗಿಕೊಂಡ ನಮ್ಮ ಶೆಡ್ಡು ಏನಾಗಬೇಕು? ಗವಸಣ್ಣ ಅರ್ಜಿ ಹಿಡಿದು ದೊಡ್ಡ ಸಾಹೇಬರ ಹತ್ತಿರ ಹೋದ. ಕಚೇರಿಯ ಹೊಸ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಕೋಣೆ ಇತ್ತು. ಅದನ್ನು ಕೊಟ್ಟರೆ ನಾವಿಬ್ಬರೂ ಹೇಗೋ ಹೊಂದಿಕೊಂಡು ಕೂರಬಹುದಿತ್ತು. ಆದರೆ ಎದುರಿನ ಜೆರಾಕ್ಸಿನವನೂ ಅದೇ ಕೋಣೆಯ ಮೇಲೆ ಕಣ್ಣಿಟ್ಟಿದ್ದ. ತನ್ನ ಅರ್ಜಿಯನ್ನು ಅವನು ಇಪ್ಪತ್ತು ಪ್ರತಿ ಮಾಡಿ ಕಚೇರಿಯ ಮೇಜು ಮೇಜಿಗೂ ಒಂದೊಂದು ಹಾಕಿದ್ದ.

ಸಾಹೇಬರು ಹೇಳಿದರು: "ಭಾನುವಾರ ಪ್ರತಿಮೆ ಅನಾವರಣ. ದೊಡ್ಡವರು ಬರ್ತಾರೆ. ಅದನ್ನ ಮುಚ್ಚೋ ಕೆಲಸ ನಿನಗೆ ಕೊಡ್ತೀನಿ. ಸಮಾರಂಭ ಸುಸೂತ್ರವಾಗಿ ಮುಗಿದರೆ ಕೋಣೆ ನಿನ್ನದು. ಏನಾದ್ರೂ ಎಡವಟ್ಟಾಯ್ತೋ, ಸೋಮವಾರ ಶೆಡ್ಡೂ ಇಲ್ಲ, ಕೋಣೆಯೂ ಇಲ್ಲ."

ಮರುದಿನ ಹೆಡ್ ಕ್ಲಾರ್ಕ್ ಶೆಡ್ಡಿಗೆ ಬಂದು ಒಂದು ಆದೇಶದ ಚೀಟಿ ಕೊಟ್ಟರು. ಸಾಹೇಬರು ಏನು ಬರೆದರೂ ಇಂಗ್ಲಿಷಿನಲ್ಲೇ.

"ಓದಿ ವಿವರವಾಗಿ ಹೇಳ್ಲಾ?" ಎಂದರು ಹೆಡ್ ಕ್ಲಾರ್ಕ್.

ಆಗ ಎದುರಿನ ಜೆರಾಕ್ಸಿನವನು ಬಾಗಿಲಲ್ಲಿ ನಿಂತಿದ್ದ. ಅವನ ಮುಂದೆ ಗವಸಣ್ಣ ಹೇಗೆ ಹೂಂ ಎಂದಾನು?

"ಏನೂ ಬೇಡ ಸಾರ್. ನನ್ನ ಬೋರ್ಡ್ ನೋಡಿ. ಕವರ್ ಅಂತ ಇಂಗ್ಲಿಷಲ್ಲೇ ಬರೆಸಿದ್ದೀನಿ. ಇಪ್ಪತ್ತೆಂಟು ವರ್ಷದಿಂದ ನನ್ನ ಸಂಸಾರ ನಡೀತಿರೋದೇ ಇಂಗ್ಲಿಷಲ್ಲಿ."

"ಒಂದೇ ಪದ ಅಲ್ವೇನಣ್ಣ ಗೊತ್ತಿರೋದು?" ಎಂದ ಜೆರಾಕ್ಸಿನವನು.

"ನಿನಗೆ ಸಾವಿರ ಪದ ಗೊತ್ತು. ಎಲ್ಲಾ ಬೇರೆಯವರು ಬರೆದದ್ದರ ನಕಲು," ಎಂದ ಗವಸಣ್ಣ.

ಹೆಡ್ ಕ್ಲಾರ್ಕ್ ನಕ್ಕು ಹೊರಟುಹೋದರು. ಅವರು ಹೇಳಬೇಕೆಂದಿದ್ದದ್ದು ಇಷ್ಟೇ: ಒಂದು ದೊಡ್ಡ ಬಟ್ಟೆ ಹೊದಿಸಿ, ಹಗ್ಗ ಕಟ್ಟಿ, ಎಳೆದರೆ ಬೀಳುವ ಹಾಗಿರಲಿ. ಈ ಮಾತು ಅವರ ಬಾಯಲ್ಲೇ ಉಳಿಯಿತು.

ಸಂಜೆ ನಾನೂ ಅವನ ಮನೆಗೆ ಹೋದೆ. ಗವಸಣ್ಣನ ಮಗಳು ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಚೀಟಿ ನೋಡಿದಳು.

"ಅಪ್ಪಾ, ಇದರಲ್ಲಿ ಇರೋದು ಒಂದೇ ಸಾಲು. ಪ್ರತಿಮೆಯನ್ನು ಸಮಾರಂಭದವರೆಗೆ ಎಲ್ಲ ಕಡೆಯಿಂದಲೂ ಚೆನ್ನಾಗಿ ಮುಚ್ಚತಕ್ಕದ್ದು."

"ಅಷ್ಟೇನಾ?"

"ಅಷ್ಟೇ."

"ಇಂಗ್ಲಿಷಲ್ಲಿ ಬರೆದದ್ದು ಅಷ್ಟೇ ಆಗೋಕೆ ಸಾಧ್ಯವೇ ಇಲ್ಲ ಮಗಳೇ. ನಿನ್ನ ಆ ದಪ್ಪ ಪುಸ್ತಕ ತೆಗೀ."

ದಪ್ಪ ಪುಸ್ತಕ ಎಂದರೆ ನಿಘಂಟು. ಅದಕ್ಕೂ ಅಪ್ಪನೇ ಗವಸು ಹೊಲಿದಿದ್ದ. ಅದು ಬಿಚ್ಚುವ ಹೊತ್ತಿಗೆ ನಾವು ಒಂದು ಸುತ್ತು ಚಹಾ ಕುಡಿದು ಮುಗಿಸಿದೆವು. ಕೊನೆಗೆ ಅವನ ಹೆಂಡತಿ ಅಡುಗೆಮನೆಯಿಂದ ಬಂದು, ಎರಡು ಬೆರಳು ಒಳಗೆ ತೂರಿಸಿ, ಗಂಟನ್ನು ಸರಕ್ಕನೆ ಸಡಿಲಿಸಿ ಹೋದಳು.

"ಕವರ್, ಕ್ರಿಯಾಪದ," ಎಂದು ಮಗಳು ಶುರು ಮಾಡಿದಳು. "ಒಂದು, ಮುಚ್ಚು."

"ಅದು ನನಗೆ ಗೊತ್ತಿತ್ತು."

"ಎರಡು, ಹೊದಿಸು. ಮೂರು, ಮರೆಮಾಡು. ನಾಲ್ಕು, ಲೇಪಿಸು."

"ಲೇಪ ಬಿಡು, ಅದು ಬಣ್ಣ ಬಳಿಯೋರ ಕೆಲಸ. ಇನ್ನೊಬ್ಬರ ಅನ್ನಕ್ಕೆ ಕೈ ಹಾಕಬಾರದು."

"ಐದು, ಕಾಪಾಡು. ಆರು, ದಾರಿ ಸವೆಸು. ಇವತ್ತು ಇಷ್ಟು ದೂರ ನಡೆದೆ ಅನ್ನೋಕೂ ಇದೇ ಪದ."

"ನಡೆಯೋದಕ್ಕೂ ಮುಚ್ಚೋದಕ್ಕೂ ಏನೇ ಸಂಬಂಧ?" ಎಂದಳು ತಾಯಿ ಒಳಗಿನಿಂದ.

"ನೀನು ಬೀದಿಗೆ ಇಳಿದ್ರೆ ದಾರಿಯೇ ಮುಚ್ಚಿಹೋಗುತ್ತಲ್ಲ, ಆ ಸಂಬಂಧ," ಎಂದ ಗವಸಣ್ಣ.

"ಹಾಗಿದ್ರೆ ರಾತ್ರಿ ಊಟದ ತಟ್ಟೆನೂ ಮುಚ್ಚೇ ಇರುತ್ತೆ. ಗಂಟು ಬಿಚ್ಚಿಕೊಂಡು ಉಣ್ಣಿ," ಎಂದಳು ಆಕೆ.

ಮಗಳು ನಿಲ್ಲಿಸಲಿಲ್ಲ. "ಏಳು, ಪತ್ರಿಕೆಗೆ ವರದಿ ಮಾಡು. ಎಂಟು, ರಜೆ ಹಾಕಿದವರ ಬದಲು ಅವರ ಕೆಲಸ ನೋಡಿಕೊ. ಒಂಬತ್ತು, ಜೊತೆಯವನು ಓಡಿಹೋಗೋವರೆಗೆ ಬಂದೂಕು ಹಿಡಿದು ನಿಂತುಕೊ."

ತಾಯಿ ಸೌಟು ಹಿಡಿದೇ ಹೊರಗೆ ಬಂದಳು. "ಪಾಪ ಕಣೇ ಆ ಪದ. ಇರೋದು ಒಂದೇ ಒಂದು, ಲೋಕದ ಚಾಕರಿಯೆಲ್ಲ ಅದರ ತಲೆ ಮೇಲೆ. ಥೇಟ್ ನನ್ನ ಹಾಗೆ."

ನನಗೆ ಆಕೆಯ ಮಾತು ಸರಿ ಎನಿಸಿತು. ನಮ್ಮಲ್ಲಿ ಪಾತ್ರೆಯನ್ನು ಮುಚ್ಚುತ್ತೇವೆ, ಮಗುವಿಗೆ ಹೊದಿಸುತ್ತೇವೆ, ಕೋಳಿಯ ಮೇಲೆ ಬುಟ್ಟಿ ಕವುಚುತ್ತೇವೆ, ತಲೆಗೆ ಮುಸುಕು ಹಾಕುತ್ತೇವೆ, ಗೋಡೆಗೆ ಬಳಿಯುತ್ತೇವೆ, ಪುಸ್ತಕಕ್ಕೆ ರಟ್ಟು ಹಾಕುತ್ತೇವೆ, ಛತ್ರಿಯನ್ನು ಹಿಡಿಯುತ್ತೇವೆ. ಕೆಲಸಕ್ಕೊಂದು ಆಳು. ಇಂಗ್ಲಿಷಿನವರು ಒಂದೇ ಎತ್ತಿಗೆ ಊರಿನ ಗಾಡಿಗಳನ್ನೆಲ್ಲ ಕಟ್ಟಿದ್ದಾರೆ. ಆ ಎತ್ತು ಇನ್ನೂ ಬದುಕಿರುವುದೇ ಆಶ್ಚರ್ಯ.

"ಐದನೇದು ನನ್ನದು," ಎಂದ ಗವಸಣ್ಣ. "ಕಾಪಾಡು. ನಾನು ಹೊಲಿಯೋದು ಅದನ್ನೇ."

"ಅಪ್ಪಾ, ಒಂದನೇದು ಸಾಕು. ಒಂದು ದುಪ್ಪಟಿ ಹೊದಿಸಿ ಬಾ."

"ದುಪ್ಪಟಿ ಹೊದಿಸೋಕೆ ನಾನ್ಯಾಕೆ ಬೇಕು? ಕೋಣೆ ಸಿಗೋದು ಕೆಲಸ ನೋಡಿ. ದುಪ್ಪಟಿ ನೋಡಿ ಯಾವನು ಕೋಣೆ ಕೊಡ್ತಾನೆ?"

ಹಾಗಾಗಿ ಅರ್ಥದಲ್ಲಿ ತಪ್ಪೇನೂ ಆಗಲಿಲ್ಲ. ಮಗಳು ಸರಿಯಾಗೇ ಹೇಳಿದಳು, ಅಪ್ಪ ಸರಿಯಾಗೇ ಕೇಳಿಸಿಕೊಂಡ. ಕೇಳಿಸದೆ ಹೋದದ್ದು ಅವನ ಕೈಗೆ. ಇಪ್ಪತ್ತೆಂಟು ವರ್ಷ ಒಂದೇ ಕೆಲಸ ಮಾಡಿದ ಕೈ ಯಾರ ಮಾತೂ ಕೇಳುವುದಿಲ್ಲ.

ಮರುದಿನ ಏಣಿ ತಂದು ಅಳತೆ ಶುರುವಾಯಿತು. ಶಿಲ್ಪಿಯ ಕಡೆಯವರು ಪ್ರತಿಮೆಯನ್ನು ಎತ್ತರದ ಪೀಠದ ಮೇಲೆ ನಿಲ್ಲಿಸಿ, ತಲೆಯಿಂದ ಮೊಣಕಾಲವರೆಗೆ ಗೋಣಿ ಸುತ್ತಿ ಹೋಗಿದ್ದರು. ಸಿಮೆಂಟಿನ ಪ್ರತಿಮೆ. ಎಡಗೈಯಲ್ಲಿ ನಕ್ಷೆಯ ಸುರುಳಿ, ಬಲಗೈ ಮುಂದೆ ಚಾಚಿ ಬೆರಳು ತೋರಿಸುವ ಭಂಗಿ. ಗುಡ್ಡದ ಮೇಲಿನ ನೀರಿನ ಟ್ಯಾಂಕನ್ನು ತೋರಿಸಬೇಕಿದ್ದ ಬೆರಳು, ಪೀಠ ಕಟ್ಟಿದವರ ಲೆಕ್ಕ ತಪ್ಪಿ, ಎದುರು ಸಾಲಿನ ಹಲ್ಲಿನ ಡಾಕ್ಟರರ ಬಾಗಿಲನ್ನು ತೋರಿಸುತ್ತಿತ್ತು.

ಗವಸಣ್ಣ ಮೇಲೆ ಹತ್ತಿ ಗೋಣಿ ಬಿಚ್ಚಿ ಟೇಪು ಹಿಡಿದ. ನಾನು ಕೆಳಗೆ ನಿಂತು ಅವನು ಹೇಳಿದ ಅಳತೆಯನ್ನು ಸೀಮೆಸುಣ್ಣದಿಂದ ತಗಡಿನ ಮೇಲೆ ಬರೆದೆ. ಅಭ್ಯಾಸಬಲದಿಂದ ಅವನು ಪ್ರತಿಮೆಯ ಸೊಂಟಕ್ಕೆ ಟೇಪು ಸುತ್ತಿ, "ಉಸಿರು ಬಿಡಿ ಸಾರ್," ಎಂದ. ಪ್ರತಿಮೆ ಬಿಡಲಿಲ್ಲ. "ಸರಿ, ಒಂದು ಇಂಚು ಸಡಿಲ ಇಡ್ತೀನಿ," ಎಂದ.

ತೋಳಿಗೆ ಬಂದಾಗ ಅವನು ಎರಡು ಸಲ ಅಳೆದ. ಮೂರನೇ ಸಲ ಅಳೆದ. ಆಮೇಲೆ ಏಣಿಯಿಂದ ಇಳಿದು ನನ್ನ ಕಿವಿಯಲ್ಲಿ ಹೇಳಿದ.

"ಅಣ್ಣ, ಎಡಗೈ ನಾಲ್ಕು ಬೆರಳಿನಷ್ಟು ಗಿಡ್ಡ ಇದೆ."

"ಇಂಜಿನಿಯರರ ಕೈ ಸರಿಯಾಗೇ ಇತ್ತಲ್ಲಪ್ಪ. ನಾನು ನೋಡಿದ್ದೀನಿ."

"ಶಿಲ್ಪಿಗೆ ಸಿಮೆಂಟ್ ಸಾಲದೆ ಬಂದಿರಬೇಕು. ಇರಲಿ, ಗಿರಾಕಿಯ ಕೊರತೆ ಊರಿಗೆ ತಿಳೀಬಾರದು. ಹತ್ತಿ ತುಂಬಿ ಸರಿಮಾಡ್ತೀನಿ. ಯಾರಿಗೂ ಹೇಳಬೇಡ."

ನಾನು ಹೇಳಲಿಲ್ಲ. ಹೇಳುವ ಅಭ್ಯಾಸ ನನಗಿಲ್ಲ.

ಎರಡು ದಿನ ಯಂತ್ರ ನಿಲ್ಲಲಿಲ್ಲ. ಬೂದು ಬಣ್ಣದ ಕ್ಯಾನ್ವಾಸಿನಲ್ಲಿ ಕೋಟಿಗೆ ಕೋಟು, ಪ್ಯಾಂಟಿಗೆ ಪ್ಯಾಂಟು, ಕಾಲರು, ಜೇಬು, ಕೊನೆಗೆ ಐದು ಬೆರಳಿಗೂ ಬೇರೆ ಬೇರೆ ಗವಸು. ಮುಖಕ್ಕೆ ಮೂಗು, ಹುಬ್ಬು, ಕನ್ನಡಕದ ಅಂಚಿನವರೆಗೆ ಎತ್ತಿಕೊಟ್ಟು ಹೊಲಿದ. ಶುಕ್ರವಾರ ಮಧ್ಯಾಹ್ನ ಅದನ್ನು ತೊಡಿಸಿ, ಬೆನ್ನಿನ ಹೊಲಿಗೆಯನ್ನು ಪ್ರತಿಮೆಯ ಮೈಮೇಲೇ ಸೂಜಿಯಲ್ಲಿ ಹಾಕಿ, ಒಳಗೆ ಒಂಬತ್ತು ಗಂಟು, ಮೇಲೆ ಹದಿನಾಲ್ಕು ಕೊಕ್ಕೆ ಸೇರಿಸಿ ಕೆಳಗೆ ಇಳಿದ. ನಾವಿಬ್ಬರೂ ದೂರ ನಿಂತು ನೋಡಿದೆವು. ಮುಚ್ಚಿದ್ದಾರೆ ಎಂದು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅಲ್ಲೇ ಎಡವಟ್ಟು ಶುರುವಾದದ್ದು. ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ನಿಂತು ಪ್ರತಿಮೆಗೆ ಕೈ ಮುಗಿಯತೊಡಗಿದರು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಮೊಮ್ಮಗಳನ್ನು ಕರೆತಂದು, "ನೋಡು, ಎಷ್ಟು ಸರಳ ವ್ಯಕ್ತಿ," ಎಂದು ತೋರಿಸಿದರು. ಹಲ್ಲಿನ ಡಾಕ್ಟರರು ಹೊರಗೆ ಬಂದು ತಮ್ಮ ಕಡೆ ಚಾಚಿದ ಬೆರಳನ್ನು ನೋಡಿ ಸಂತೋಷದಿಂದ ನಮಸ್ಕಾರ ಮಾಡಿದರು. ಮಧ್ಯಾಹ್ನದೊಳಗೆ ಅವರಿಗೆ ಮೂವರು ಹೊಸ ರೋಗಿಗಳು ಬಂದಿದ್ದರು. "ಅಷ್ಟು ದೊಡ್ಡವರೇ ಹೇಳ್ತಿದ್ದಾರಲ್ಲ, ಒಂದ್ಸಲ ತೋರಿಸಿಬಿಡೋಣ ಅಂತ ಬಂದೆ," ಎಂದಳಂತೆ ಒಬ್ಬಾಕೆ.

ಜೆರಾಕ್ಸಿನವನು ಇದನ್ನೆಲ್ಲ ನೋಡಿ ನೇರವಾಗಿ ಸಾಹೇಬರ ಕೋಣೆಗೆ ಹೋದ.

ಸಂಜೆ ಐದಕ್ಕೆ ಸಾಹೇಬರು, ಹೆಡ್ ಕ್ಲಾರ್ಕ್ ಇಬ್ಬರೂ ಪೀಠದ ಮುಂದೆ ನಿಂತರು.

"ಏನಯ್ಯಾ ಇದು?" ಎಂದರು ಸಾಹೇಬರು.

"ಕವರ್ ಸಾರ್. ಎಲ್ಲ ಕಡೆಯಿಂದಲೂ."

"ಮುಚ್ಚೋಕೆ ಹೇಳಿದ್ರೆ ಅವರಿಗೆ ಬಟ್ಟೆ ಹೊಲಿದು ತೊಡಿಸಿದ್ದೀಯಲ್ಲ. ನಾಳೆ ಅನಾವರಣ ಮಾಡೋಕೆ ಏನು ಉಳಿದಿದೆ? ಊರೆಲ್ಲ ನೋಡಿ ಮುಗಿಸಿದೆ."

"ಇದನ್ನ ಈಗಲೇ ತೆಗೆಸಿಬಿಡಿ ಸಾರ್," ಎಂದರು ಹೆಡ್ ಕ್ಲಾರ್ಕ್.

"ಈಗ ಶುರು ಮಾಡಿದ್ರೆ ರಾತ್ರಿ ಎಂಟರೊಳಗೆ ಬರುತ್ತೆ," ಎಂದ ಗವಸಣ್ಣ ಹೆಮ್ಮೆಯಿಂದ.

"ಕತ್ತರಿ ತಗೊಂಡು ಬನ್ರೀ," ಎಂದರು ಸಾಹೇಬರು.

ಗವಸಣ್ಣ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿ ಪ್ರತಿಮೆಯ ಕಾಲು ಹಿಡಿದುಕೊಂಡ. "ಸಾರ್, ಕತ್ತರಿ ಹಾಕೋದಾದ್ರೆ ಮೊದಲು ನನ್ನ ಮೇಲೆ ಹಾಕಿ."

ಜನ ಸೇರತೊಡಗಿದ್ದರಿಂದ ಸಾಹೇಬರು ದನಿ ತಗ್ಗಿಸಿದರು. ಕೊನೆಗೆ ಹೆಡ್ ಕ್ಲಾರ್ಕೇ ಒಂದು ದಾರಿ ಹುಡುಕಿದರು. ಸಭಾಂಗಣದ ಹಸಿರು ಪರದೆ ಬಿಚ್ಚಿ ತಂದು ಗವಸಿನ ಮೇಲೆ ಹೊದಿಸುವುದು. ಬೆಳಿಗ್ಗೆ ಏಳಕ್ಕೆ ಬಂದು ಗವಸಣ್ಣ ಪರದೆಯ ಒಳಗೇ ಗಂಟುಗಳನ್ನೂ ಹೊಲಿಗೆಯನ್ನೂ ಬಿಚ್ಚಿಡುವುದು. ಹತ್ತಕ್ಕೆ ಅತಿಥಿಗಳು ಹಗ್ಗ ಎಳೆದಾಗ ಎರಡೂ ಒಟ್ಟಿಗೆ ಬೀಳುವುದು.

"ಕವರಿಗೆ ಕವರ್," ಎಂದ ಜೆರಾಕ್ಸಿನವನು. "ನಾನು ಅಳತೆ ತಗೊಂಡು ಬರ್ಲಾ, ಕೋಣೆಗೆ?"

ಸಾಹೇಬರು ಹೋಗುವಾಗ ತಿರುಗಿ ನೋಡಿದರು. "ನೆನಪಿರಲಿ. ಎಡವಟ್ಟಾದರೆ ಸೋಮವಾರ."

ಗವಸಣ್ಣ ಹೇಳಿದ ಹೊತ್ತಿಗೇ ಬಂದ. ಆದರೆ ಅತಿಥಿಗಳು ಬೆಳಿಗ್ಗೆ ಏಳೂಕಾಲಿಗೆ ಬಂದುಬಿಟ್ಟರು. ಮುಖ್ಯ ಅತಿಥಿ ಎಂಬುವರು ಹೇಳಿದ್ದಕ್ಕಿಂತ ಮೊದಲು ಬಂದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ. ವಯಸ್ಸಾದವರು, ದಪ್ಪ ಕನ್ನಡಕ, ನಿದ್ದೆ ಬರುವುದಿಲ್ಲವಂತೆ. "ತಂಪು ಹೊತ್ತಲ್ಲೇ ಮುಗಿಸೋಣ, ಜನರಿಗೆ ಯಾಕೆ ಬಿಸಿಲು," ಎಂದರು. ಗವಸಣ್ಣ ಆಗ ಮೊದಲನೆಯ ಗಂಟನ್ನಷ್ಟೇ ಬಿಚ್ಚಿದ್ದ. ಅವನನ್ನು ಕಾಲು ಹಿಡಿದು ಪರದೆಯೊಳಗಿನಿಂದ ಹೊರಗೆ ಎಳೆದೆವು.

ಎಂಟು ಗಂಟೆಗೆ ಸಾಕಷ್ಟು ಜನ ಸೇರಿದರು. ಮಾತುಗಳಾದವು. ಅತಿಥಿಗಳು ಹಗ್ಗ ಹಿಡಿದರು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಪರದೆ ಸರ್ರನೆ ಬಿತ್ತು.

ಒಳಗೆ ನಿಂತಿದ್ದದ್ದು ಗವಸು.

ಜನ ಚಪ್ಪಾಳೆ ತಟ್ಟಿದರು. ಅವರಿಗೆ ಅದೇ ಪ್ರತಿಮೆ. ಸಾಹೇಬರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. ಹೆಡ್ ಕ್ಲಾರ್ಕ್ ಅವರ ಕಿವಿಯಲ್ಲಿ, "ಸುಮ್ಮನಿದ್ದುಬಿಡೋಣ ಸಾರ್," ಎಂದರು. ಗವಸಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅವನ ಹೆಂಡತಿ, ಮಗಳು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಇನ್ನು ಹತ್ತು ನಿಮಿಷ ಯಾರೂ ಬಾಯಿ ಬಿಡದಿದ್ದರೆ ಕೋಣೆ ನಮ್ಮದು.

ಅತಿಥಿಗಳು ಮೇಲೆ ನೋಡಿ ಮಾತು ಶುರು ಮಾಡಿದರು.

"ಅದ್ಭುತ. ನಾನು ಎಷ್ಟೋ ಪ್ರತಿಮೆ ಅನಾವರಣ ಮಾಡಿದ್ದೇನೆ. ಬಟ್ಟೆಯ ಮಡಿಕೆ ಇಷ್ಟು ಸಹಜವಾಗಿ ಬಂದದ್ದನ್ನು ನೋಡಿಲ್ಲ. ಆ ಜೇಬು ನೋಡಿ. ಆ ಕಾಲರ್ ನೋಡಿ, ಹೊಲಿಗೆ ಕೂಡ ಎಣಿಸಬಹುದು. ಸಿಮೆಂಟಿನಲ್ಲಿ ಹೊಲಿಗೆ ತೋರಿಸೋದು ಅಂದ್ರೆ ಸುಮ್ಮನೆಯೇ? ಶಿಲ್ಪಿಗಳು ಯಾರು, ಎದ್ದು ನಿಲ್ಲಬೇಕು."

ಶಿಲ್ಪಿ ಎದ್ದು ನಿಂತ. ಅವನೂ ಪ್ರತಿಮೆಯನ್ನು ನೋಡಿದ. ಎರಡೂ ಕೈ ಸಮನಾಗಿರುವುದನ್ನು ನೋಡಿ ಅವನ ಬಾಯಿ ಸ್ವಲ್ಪ ತೆರೆಯಿತು. ನಾನೇ ಮಾಡಿದ್ದಾ ಎಂದು ಅವನು ಯೋಚಿಸುತ್ತಿದ್ದದ್ದು ನಾವು ನಿಂತಲ್ಲಿಗೂ ಕಾಣುತ್ತಿತ್ತು. ಆದರೂ ಎರಡು ಕೈ ಜೋಡಿಸಿ ಚಪ್ಪಾಳೆ ಸ್ವೀಕರಿಸಿದ.

"ನೋಡಿದ್ಯಾ ಅಣ್ಣ," ಎಂದ ಗವಸಣ್ಣ ಹಲ್ಲು ಕಚ್ಚಿ. "ನನ್ನ ಕಾಲರಿಗೆ ಅವನು ಕೈ ಮುಗೀತಾನೆ."

"ಕೋಣೆ," ಎಂದೆ ನಾನು.

"ಹೂಂ."

"ಆದರೆ ಒಂದು ಮಾತು," ಎಂದರು ಅತಿಥಿಗಳು. ಕನ್ನಡಕ ಸರಿಮಾಡಿಕೊಂಡರು. "ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಆ ಎಡಗೈ ತೋಳು ಮಾತ್ರ ಸ್ವಲ್ಪ ಉಬ್ಬಿದೆ. ಅಲ್ಲಿ ಕೆಲಸ ಕಳಪೆ."

ಹೊಗಳಿಕೆ ಇನ್ನೊಬ್ಬನ ಪಾಲಾದದ್ದನ್ನು ಗವಸಣ್ಣ ನುಂಗಿಕೊಂಡಿದ್ದ. ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ನಾನು ಅವನ ಅಂಗಿ ಹಿಡಿದೆ. ಅಂಗಿ ನನ್ನ ಕೈಯಲ್ಲಿ ಉಳಿಯಲಿಲ್ಲ, ಅವನು ಮುಂದೆ ಹೋಗಿಬಿಟ್ಟಿದ್ದ.

"ಕಳಪೆ ಅಲ್ಲ ಸಾರ್, ಅದು ಹತ್ತಿ."

"ಏನು?"

"ಹತ್ತಿ ಸಾರ್. ಒಳಗೆ ಸಿಮೆಂಟಿನ ಕೈ ನಾಲ್ಕು ಬೆರಳು ಗಿಡ್ಡ. ಹತ್ತಿ ತುಂಬಿ ಸರಿ ಮಾಡಿದ್ದು ನಾನು. ನೀವು ನೋಡ್ತಿರೋದು ಪ್ರತಿಮೆ ಅಲ್ಲ, ನನ್ನ ಹೊಲಿಗೆ. ಅದನ್ನ ಯಾರೂ ಇದುವರೆಗೆ ಕಳಪೆ ಅಂದಿಲ್ಲ."

ಶಿಲ್ಪಿ ಮೆಲ್ಲಗೆ ಕುಳಿತ. ಸಾಹೇಬರ ಮುಖ ಬಿದ್ದಿದ್ದ ಪರದೆಯ ಬಣ್ಣಕ್ಕೆ ತಿರುಗಿತು. ಹಿಂದಿನಿಂದ ಜೆರಾಕ್ಸಿನವನು, "ಸೋಮವಾರ," ಎಂದ.

ಅತಿಥಿಗಳು ಏಣಿ ತರಿಸಿದರು. ಆ ವಯಸ್ಸಿನಲ್ಲಿ ನಾಲ್ಕು ಮೆಟ್ಟಿಲು ಹತ್ತಿ, ಪ್ರತಿಮೆಯ ತೋಳನ್ನು ಎರಡು ಬೆರಳಲ್ಲಿ ಅಮುಕಿದರು. ತೋಳು ದಿಂಬಿನ ಹಾಗೆ ಒಳಗೆ ಹೋಗಿ ಹೊರಗೆ ಬಂತು. ಅವರು ಇನ್ನೊಮ್ಮೆ ಅಮುಕಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆಡ್ ಕ್ಲಾರ್ಕ್ ನೀರು ತರಲು ಓಡಿದರು. ಅಳು ಅಲ್ಲ, ನಗು. ಏಣಿ ಅಲ್ಲಾಡುವಷ್ಟು ನಕ್ಕರು.

"ಬಿಚ್ಚಪ್ಪ, ಒಳಗೆ ಯಾರಿದ್ದಾರೆ ನೋಡೋಣ," ಎಂದರು ಇಳಿದು ಬಂದು.

ಗವಸಣ್ಣ ಹತ್ತಿದ. ಕೊಕ್ಕೆ ಬಿಚ್ಚಿದ. ಗಂಟಿಗೆ ಬಂದ. ಇನ್ನೂ ಎಂಟು ಗಂಟು ಉಳಿದಿತ್ತು. ಅಷ್ಟು ಜನರ ಕಣ್ಣೆದುರು ಒಂದೂ ಬರಲಿಲ್ಲ. ಜನ ಸಲಹೆ ಕೊಡತೊಡಗಿದರು. ಹಲ್ಲಿನ ಡಾಕ್ಟರರು ತಮ್ಮ ಇಕ್ಕಳ ತರಲೇ ಎಂದು ಕೇಳಿದರು.

"ಇಳೀರಿ ಕೆಳಗೆ," ಎಂದಳು ಅವನ ಹೆಂಡತಿ, ಸೆರಗು ಸಿಕ್ಕಿಸಿಕೊಂಡು. "ಇಪ್ಪತ್ತೆಂಟು ವರ್ಷದಿಂದ ನಿಮ್ಮ ಗಂಟು ಬಿಚ್ಚೋದೇ ನನ್ನ ಸಂಸಾರ. ಮಿಕ್ಸಿ ಆದರೇನು, ಇಂಜಿನಿಯರ್ ಆದರೇನು."

ಏಣಿ ಹತ್ತಿ ಎರಡು ಬೆರಳು ಒಳಗೆ ಹಾಕಿದಳು. ಒಂದು, ಎರಡು, ಮೂರು. ಜನ ಎಣಿಸತೊಡಗಿದರು. ಎಂಟನೆಯದಕ್ಕೆ ಎದ್ದ ಕೂಗು ಹಗ್ಗ ಎಳೆದಾಗಲೂ ಎದ್ದಿರಲಿಲ್ಲ. ಬೆನ್ನಿನ ಹೊಲಿಗೆಯನ್ನು ಹಲ್ಲಿನಲ್ಲಿ ಕಡಿದು ದಾರ ಎಳೆದಳು. ಗವಸು ಕೆಳಗೆ ಜಾರಿತು, ಹತ್ತಿ ಹಾರಿತು, ಸಿಮೆಂಟಿನ ಇಂಜಿನಿಯರರು ಹೊರಗೆ ಬಂದರು.

ಜನ ನೋಡಿದರು. ಒಂದು ಕೈ ಉದ್ದ, ಒಂದು ಕೈ ಗಿಡ್ಡ. ಮುಖ ಯಾರದೋ.

"ಮುಚ್ಚಿದ್ದೇ ಚೆನ್ನಾಗಿತ್ತು," ಎಂದರು ನಿವೃತ್ತ ಮೇಷ್ಟ್ರು.

ಅದು ಎಲ್ಲರ ಅಭಿಪ್ರಾಯವಾಗಿತ್ತು. ಅತಿಥಿಗಳೂ ತಲೆಯಾಡಿಸಿದರು. "ಶಿಲ್ಪಿಗಳು ಕೈ ಸರಿಪಡಿಸೋವರೆಗೆ ಇವರಿಗೆ ಮತ್ತೆ ಆ ಬಟ್ಟೆ ತೊಡಿಸಿ," ಎಂದರು ಸಾಹೇಬರಿಗೆ. ಆಮೇಲೆ ಗವಸಣ್ಣನ ಕಡೆ ತಿರುಗಿ, "ಇಂಥ ಕೆಲಸಗಾರರು ಕೂರೋದೆಲ್ಲಿ?" ಎಂದು ಕೇಳಿದರು.

ಸಾಹೇಬರು ಮೂವತ್ತು ವರ್ಷ ಸರ್ವಿಸ್ ಮಾಡಿದವರು. ಗಾಳಿ ಬೀಸುವುದು ಯಾವ ಕಡೆಗೆ ಎಂದು ಎಲೆ ಅಲ್ಲಾಡುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

"ನಮ್ಮ ಕಟ್ಟಡದಲ್ಲೇ ಸಾರ್. ಮೆಟ್ಟಿಲ ಕೆಳಗಿನ ಕೋಣೆ. ನಾವೇ ಕೊಟ್ಟಿದ್ದೇವೆ."

"ಬಹಳ ಒಳ್ಳೇದು. ನಡೀರಿ, ಅಲ್ಲೇ ಕೂತು ಚಹಾ ಕುಡಿಯೋಣ."

ಆ ಕೋಣೆಯಲ್ಲಿ ಆಗ ಇದ್ದದ್ದು ಮುರಿದ ಕುರ್ಚಿಗಳು, ತೂತು ಬಕೆಟ್ಟುಗಳು, ಹಳೆಯ ಪೈಪುಗಳು. ಸಾಹೇಬರು ಹೆಡ್ ಕ್ಲಾರ್ಕನ್ನು ನೋಡಿದರು. ಹೆಡ್ ಕ್ಲಾರ್ಕ್ ನನ್ನನ್ನು ನೋಡಿದರು, ಯಾಕೆ ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಗವಸಣ್ಣ ಆಗಲೇ ಶೆಡ್ಡಿನ ಕಡೆ ಓಡುತ್ತಿದ್ದ.

ನಾನು ಹೋಗಿ ಅತಿಥಿಗಳ ದಾರಿಗೆ ಅಡ್ಡ ನಿಂತೆ.

"ಸ್ವಾಮಿ, ಇಂಜಿನಿಯರರನ್ನ ನಾನು ಕಣ್ಣಾರೆ ನೋಡಿದ್ದೀನಿ," ಎಂದೆ.

ಅವರು ನಿಂತರು. ನಾನು ಹೇಳಿದೆ. ಬಗ್ಗಿ ಬಗ್ಗಿ ಪೈಪಿನೊಳಗೆ ನೋಡಿ ಅವರ ಕತ್ತು ಒಂದು ಕಡೆ ವಾಲಿದ್ದದ್ದು, ಕಿವಿಯಲ್ಲಿ ಯಾವಾಗಲೂ ಪೆನ್ಸಿಲ್ ಇರುತ್ತಿದ್ದದ್ದು, ನಮ್ಮಪ್ಪನ ಅಂಗಡಿಯಲ್ಲಿ ನಾಲ್ಕು ಸಲ ಛತ್ರಿ ಮರೆತು ಹೋದದ್ದು, ಬೀದಿಯ ನಲ್ಲಿಯಲ್ಲಿ ಮೊದಲ ದಿನ ನೀರು ಬಂದಾಗ ಕೋಟು ಬಿಚ್ಚದೆ ಅದರ ಕೆಳಗೆ ತಲೆಯೊಡ್ಡಿ ಕೂತುಬಿಟ್ಟದ್ದು, ನಾವು ಮಕ್ಕಳೆಲ್ಲ ಅವರ ಸುತ್ತ ಕುಣಿದದ್ದು. ಅಷ್ಟು ಮಾತು ನಾನು ಒಟ್ಟಿಗೆ ಆಡಿದ್ದು ನನ್ನ ಮದುವೆಯಲ್ಲೂ ಇಲ್ಲ. ಅತಿಥಿಗಳ ಬೆನ್ನ ಹಿಂದೆ ಕುರ್ಚಿಗಳು ಕಿಟಕಿಯಿಂದ ಕೈಯಿಂದ ಕೈಗೆ ಹೊರಗೆ ಬರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಸಾಲಿನ ನಡುವೆ ನಿಂತ ಜೆರಾಕ್ಸಿನವನು, ಸಾಹೇಬರ ಮಾತು ಕೇಳಿಸದೆ, ತನ್ನ ಕೋಣೆ ಎಂದುಕೊಂಡು ಎಲ್ಲರಿಗಿಂತ ಉತ್ಸಾಹದಿಂದ ಬಕೆಟ್ಟು ಸಾಗಿಸುತ್ತಿದ್ದ. ಹೊಲಿಗೆ ಯಂತ್ರ ಒಳಗೆ ಹೋದದ್ದನ್ನು ಕಂಡ ಮೇಲೆ ನಾನು ಮಾತು ನಿಲ್ಲಿಸಿ ದಾರಿ ಬಿಟ್ಟೆ.

ನಾವು ಹೋದಾಗ ಗವಸಣ್ಣ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಬೆವರು ಇಳಿಯುತ್ತಿತ್ತು. ಅವನ ಹೆಂಡತಿ ಗೋಡೆಯ ಜೇಡರ ಬಲೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅತಿಥಿಗಳು ಕೋಣೆಯನ್ನೆಲ್ಲ ನೋಡಿ, ಮೆಚ್ಚಿಕೊಂಡು ಕೇಳಿದರು.

"ಚೆನ್ನಾಗಿದೆ. ಎಷ್ಟು ಕಾಲ ಆಯ್ತಪ್ಪ ಇಲ್ಲಿಗೆ ಬಂದು?"

ಸಾಹೇಬರು ಅವರ ಹಿಂದಿನಿಂದ ಹತ್ತು ಬೆರಳೂ ಎತ್ತಿ ತೋರಿಸಿದರು. ಗವಸಣ್ಣ ಆ ಬೆರಳುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆ ದಿನ ಅವನಿಗೆ ನಿಜ ಹೇಳುವ ಚಟ ಹತ್ತಿಬಿಟ್ಟಿತ್ತು.

"ಏಳು ನಿಮಿಷ ಆಯ್ತು ಸಾರ್."

ಅತಿಥಿಗಳು ಎರಡನೇ ಸಲ ನಕ್ಕದ್ದು ಆಗ. ಸಾಹೇಬರ ಭುಜ ತಟ್ಟಿ, "ಹಾಸ್ಯಗಾರನನ್ನ ಇಟ್ಟುಕೊಂಡಿದ್ದೀರಿ ನೀವು," ಎಂದರು.

"ಹೌದು ಸಾರ್," ಎಂದರು ಸಾಹೇಬರು. "ಬಹಳ ವರ್ಷದಿಂದ."